ಜಿಡ್ಡು ಆಡುವ ಮಾತು

ಹೈದರಾಬಾದಿನ ಬಾಲಾನಗರದಲ್ಲಿ ಲೇತ್ ಶೆಡ್ಡುಗಳ ಓಣಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಕಟಿಂಗ್ ಆಯಿಲ್ ವಾಸನೆ. ಬೀದರ್, ಹುಮನಾಬಾದ್ ಕಡೆಯಿಂದ ಬಂದ ಹುಡುಗರು ಇಲ್ಲಿ ಟರ್ನರ್, ಫಿಟ್ಟರ್, ವೆಲ್ಡರ್ ಆಗಿ ದುಡಿಯುತ್ತಾರೆ. ನನ್ನ ಸೋದರಮಾವನ ಮಗನೂ ಅವರಲ್ಲೊಬ್ಬ. ಹೋದ ವರ್ಷ ತಗಡಿನ ಅಂಚು ಅವನ ಬಲ ಮಣಿಕಟ್ಟನ್ನು ಸೀಳಿತು. ರಕ್ತ ನಿಂತಿತು, ಹೊಲಿಗೆ ಬಿತ್ತು, ಗಾಯವೂ ಮಾಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಮಾತ್ರ ಬಿಸಿ ಚಹಾದ ಲೋಟ ತಾಗಿದರೂ ತಿಳಿಯುತ್ತಿರಲಿಲ್ಲ. ಆ ಬೆರಳುಗಳಿಗೆ ಹೋಗುವ ನರ ಪೂರ್ತಿ ತುಂಡಾಗಿತ್ತು. ಕೂದಲಿಗಿಂತ ಸಣ್ಣ ದಾರದಲ್ಲಿ ಅದನ್ನು ಸೇರಿಸಿದ ಶಸ್ತ್ರವೈದ್ಯರು, ಇನ್ನು ಅದು ಬೆಳೆದು ಬೆರಳ ತುದಿ ಮುಟ್ಟಬೇಕು ಎಂದಿದ್ದರು.

“ದಿನಕ್ಕ ಒಂದು ಮಿಲಿಮೀಟರ್ ಬೆಳೀತದಂತ, ಅಣ್ಣಾ,” ಅಂದ. “ನಮ್ಮ ಕೆಲಸದಾಗ ಒಂದು ಮಿಲಿಮೀಟರ್ ತಪ್ಪಿದ್ರ ಪೀಸೇ ರಿಜೆಕ್ಟ್. ಈಗ ಅದೇ ಒಂದು ಮಿಲಿಮೀಟರಿಗೆ ಇಡೀ ದಿನ ಕಾಯಬೇಕಾಗ್ಯಾದ.”

ವರ್ನಿಯರ್ ಹಿಡಿದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಬದುಕಿದವನ ಮಾತು ಅದು. ಮಣಿಕಟ್ಟಿನಿಂದ ತೋರುಬೆರಳ ತುದಿಗೆ ಸುಮಾರು 18 ಸೆಂಟಿಮೀಟರ್. ಅಂದರೆ ಆರು ತಿಂಗಳು, ಮೇಲೆ ಇನ್ನಷ್ಟು. ಆ ಆರು ತಿಂಗಳು ಅವನ ಚರ್ಮದ ಕೆಳಗೆ ನಡೆಯುವುದೇನು, ಕತ್ತಲಲ್ಲಿ ಹೊರಟ ನರಕ್ಕೆ ದಾರಿ ಹೇಳುವವರು ಯಾರು ಎಂದು ಓದುತ್ತಾ ಹೋದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಒಂದೇ ವಸ್ತು: ಜಿಡ್ಡು. ನಾವು ಕೊಬ್ಬು, ಎಣ್ಣೆ, ಮೇದಸ್ಸು ಎನ್ನುವುದು. ವಿಜ್ಞಾನಿಗಳು ಲಿಪಿಡ್ ಎನ್ನುವುದು. ಮೇದಸ್ಸಿಗೂ ಮೇಧೆಗೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ನೀರು ತೆಗೆದು ತೂಗಿದರೆ ಮಿದುಳಿನ ಅರ್ಧಕ್ಕೂ ಹೆಚ್ಚು ಭಾಗ ಕೊಬ್ಬೇ.

ಬಹಳ ಕಾಲ ಈ ಕೊಬ್ಬನ್ನು ಜನ ಗೋಡೆಯ ಗಾರೆಯೆಂದೇ ತಿಳಿದಿದ್ದರು. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ವೈದ್ಯನಾಗಿದ್ದ ಯೋಹಾನ್ ಥುಡಿಕಮ್ ವರ್ಷಗಟ್ಟಲೆ ಮಿದುಳುಗಳನ್ನು ಅರೆದು, ಕರಗಿಸಿ, ಸೋಸಿ, 1884ರಲ್ಲಿ ಮಿದುಳಿನ ರಸಾಯನದ ಮೇಲೆ ದೊಡ್ಡದೊಂದು ಗ್ರಂಥ ತಂದ. ಸಿಕ್ಕ ಕೊಬ್ಬುಗಳಲ್ಲಿ ಒಂದರ ಸ್ವಭಾವ ಅವನಿಗೆ ಕೊನೆಗೂ ಬಿಡಿಸಲಾಗದ ಒಗಟಾಯಿತು. ಒಗಟು ಹಾಕುವ ಸ್ಫಿಂಕ್ಸ್‌ನ ನೆನಪಿಗೆ ಅದನ್ನು ಸ್ಫಿಂಗೋಸಿನ್ ಎಂದು ಕರೆದ. ಒಗಟು ಬಿಡಿಸಲು ನೂರು ವರ್ಷ ಬೇಕಾಯಿತು. ಸ್ಫಿಂಗೋಸಿನ್‌ಗೆ ಒಂದು ಫಾಸ್ಫೇಟ್ ಅಂಟಿದರೆ ಅದು ಗಾರೆಯಾಗಿ ಉಳಿಯುವುದಿಲ್ಲ, ಸುದ್ದಿಯಾಗುತ್ತದೆ. ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸುದ್ದಿ. ಅದನ್ನು ಓದುವ ಗ್ರಾಹಕಗಳ ಮೇಲೆ ಕೆಲಸ ಮಾಡುವ ಫಿಂಗೋಲಿಮಾಡ್ ಎಂಬ ಮಾತ್ರೆಗೆ 2010ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ನರಗಳ ಹೊದಿಕೆಯನ್ನೇ ದೇಹ ತಿನ್ನತೊಡಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅದು ಔಷಧ.

ಬಾಲಾನಗರಕ್ಕೆ ಔಷಧದ ಮಾತು ಹೊಸದಲ್ಲ. ಲೇತ್ ಓಣಿಗಳಷ್ಟೇ ಈ ಊರಿಗೆ ಔಷಧದ ಕಾರ್ಖಾನೆಯೂ ಗುರುತು. 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಐಡಿಪಿಎಲ್, ಸೋವಿಯತ್ ನೆರವಿನಿಂದ ತನ್ನ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ಕಟ್ಟಿದ್ದು ಇಲ್ಲಿ. ಡಾ. ರೆಡ್ಡೀಸ್ ಕಟ್ಟಿದ ಕಲ್ಲಂ ಅಂಜಿ ರೆಡ್ಡಿ ಕೆಲಸ ಕಲಿತದ್ದೂ ಇಲ್ಲಿಯೇ. ಸಲ್ಫಾ ಮಾತ್ರೆ, ಜೀವಸತ್ವ, ನೋವಿನ ಗುಳಿಗೆ ಟನ್ನುಗಟ್ಟಲೆ ಹೊರಬಿದ್ದ ಆ ಕಾರ್ಖಾನೆ ಸ್ತಬ್ಧವಾಗಿ ವರ್ಷಗಳು ಕಳೆದವು. ಅದೇ ಆವರಣದಲ್ಲಿ 2007ರಿಂದ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ನೈಪರ್, ನಡೆಯುತ್ತಿದೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುವುದು ಏಕೆ ಎಂಬುದು ಅಲ್ಲಿನ ಔಷಧವಿಜ್ಞಾನಿಗಳು ಬಹುಕಾಲದಿಂದ ಹಿಡಿದ ಪ್ರಶ್ನೆಗಳಲ್ಲಿ ಒಂದು. ಗೋಡೆಯ ಆಚೆ ಲೇತ್ ಶೆಡ್ಡಿನಲ್ಲಿ ಕತ್ತರಿಸಿದ ನರ, ಈಚೆ ಪ್ರಯೋಗಶಾಲೆಯಲ್ಲಿ ಒಣಗುವ ನರ. ಎರಡಕ್ಕೂ ಬೇಕಾದ್ದು ಮತ್ತೆ ಚಿಗುರುವ ವಿದ್ಯೆ.

ಚಿಗುರುವ ತುದಿಯನ್ನು ಮೊದಲು ಕಂಡವನು ಸ್ಪೇನಿನ ಸ್ಯಾಂಟಿಯಾಗೋ ರಾಮೋನ್ ಇ ಕಾಹಾಲ್, 1890ರ ಹೊತ್ತಿಗೆ, ಕೋಳಿ ಭ್ರೂಣದ ಬೆನ್ನುಹುರಿಯಲ್ಲಿ. ಅವನು ನೋಡಿದ್ದು ಬಣ್ಣ ಹಾಕಿದ ಸತ್ತ ಚೂರು. ಅದು ನಿಜಕ್ಕೂ ಚಲಿಸುತ್ತದೆಂದು ತೋರಿಸಿದವನು ಅಮೆರಿಕದ ರಾಸ್ ಹ್ಯಾರಿಸನ್. 1907ರಲ್ಲಿ ಕಪ್ಪೆ ಭ್ರೂಣದ ತುಣುಕನ್ನು ಒಂದು ತೊಟ್ಟು ದುಗ್ಧರಸದಲ್ಲಿ ತೂಗುಹಾಕಿ, ಎಳೆ ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಹೀರೆಬಳ್ಳಿ ಚಪ್ಪರ ಹುಡುಕುವುದನ್ನು ನೋಡಿದವರಿಗೆ ಆ ದೃಶ್ಯ ಪರಿಚಿತ: ಕುಡಿ ಅತ್ತ ಚಾಚುತ್ತದೆ, ಸಿಗಲಿಲ್ಲವೆಂದರೆ ಇತ್ತ, ಸಿಕ್ಕಿತೋ ಸುತ್ತಿಕೊಳ್ಳುತ್ತದೆ. ನರದ ಕುಡಿಯೂ ಹಾಗೆಯೇ, ಸಣ್ಣ ಬೆರಳುಗಳನ್ನು ಚಾಚಿ ತಡವರಿಸುತ್ತದೆ.

ಕುಡಿ ಮುಂದೆ ಹೋಗಬೇಕೆಂದರೆ ಮೊದಲು ಪೊರೆ ಬೇಕು. ಗುಳ್ಳೆಗಳಾಗಿ ಬಂದ ಹೊಸ ಪೊರೆ ತುದಿಯ ಹಳೆ ಪೊರೆಯೊಂದಿಗೆ ಬೆಸೆಯಬೇಕು. 2006ರಲ್ಲಿ ಡಾರಿಯೋಸ್ ಮತ್ತು ಡಾವ್ಲೆಟೋವ್ ಎಂಬ ಇಬ್ಬರು ಒಂದು ಅಪರೂಪದ ಸಂಗತಿ ಕಂಡರು. ಬೆಸೆಯುವ ಕೆಲಸಕ್ಕೆ ನಿಂತ ಸಿಂಟಾಕ್ಸಿನ್ 3 ಎಂಬ ಪ್ರೋಟೀನನ್ನು ಎಬ್ಬಿಸುವುದು ಕೊಬ್ಬಿನ ಆಮ್ಲವೇ: ಒಮೆಗಾ-6 ಗುಂಪಿನ ಅರಾಕಿಡೋನಿಕ್ ಆಮ್ಲ, ಒಮೆಗಾ-3 ಗುಂಪಿನ ಡಿಎಚ್‌ಎ. ಅಂದರೆ ಗೋಡೆಯ ಇಟ್ಟಿಗೆಯೇ ಮೇಸ್ತ್ರಿಯನ್ನು ಕೂಗಿ ಕರೆಯುತ್ತದೆ. ಇಟ್ಟಿಗೆ ಮತ್ತು ಕೂಗು ಎರಡೂ ಒಂದೇ ಆಗಿರುವುದು ಲಿಪಿಡ್‌ಗಳ ವಿಶೇಷ. ಈ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಕತ್ತರಿಸಿದ ನರದಲ್ಲಂತೂ ಇನ್ನೂ ಒಂದು ಲೆಕ್ಕಾಚಾರ ಇದೆ. ಗಾಯದಿಂದಾಚೆ ಬೆರಳ ಕಡೆಗಿನ ಎಳೆಗಳು ಸತ್ತು ಒಡೆದು ಹೋಗುತ್ತವೆ. ಅವುಗಳ ಸುತ್ತ ಸುರುಳಿ ಸುತ್ತಿದ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಚೂರುಚೂರಾಗುತ್ತದೆ. ಹಳೆ ಮನೆ ಕೆಡವಿದಾಗ ನಮ್ಮಲ್ಲಿ ತೊಲೆ, ಕಲ್ಲು, ಹಂಚು ಬಿಸಾಡುವುದಿಲ್ಲ. ಹಿತ್ತಲಲ್ಲಿ ಜೋಡಿಸಿಟ್ಟು ಹೊಸ ಮನೆಗೆ ಹಾಕುತ್ತಾರೆ. ನರವೂ ಇದೇ ಮಾಡುತ್ತದೆ. ಚೂರುಗಳನ್ನು ನುಂಗಿದ ಮ್ಯಾಕ್ರೋಫೇಜ್ ಕೋಶಗಳು ಅಪೊ-ಇ ಎಂಬ ಪ್ರೋಟೀನನ್ನು ಸುರಿಸುತ್ತವೆ, ಅದು ಹಳೆಯ ಕೊಲೆಸ್ಟೆರಾಲನ್ನು ಹೊತ್ತು ಹೊಸ ಕುಡಿಗೆ ಮುಟ್ಟಿಸುತ್ತದೆ. ಇಲಿಯ ಕಾಲಿನ ನರದಲ್ಲಿ ಇದನ್ನು 1980ರ ದಶಕದಲ್ಲಿ ಗುರುತಿಸಿದರು.

ಇನ್ನು ಸುದ್ದಿಯ ವಿಷಯ. ಕಾರ್ಖಾನೆಯಲ್ಲಿ ಔಷಧ ತಯಾರಾದರೆ ಗೋದಾಮಿನಲ್ಲಿ ಇಡುತ್ತಾರೆ. ಬಹುತೇಕ ನರಸಂದೇಶಕ ರಾಸಾಯನಿಕಗಳೂ ಹಾಗೆ ಗುಳ್ಳೆಗಳಲ್ಲಿ ದಾಸ್ತಾನಾಗಿ ಕಾದಿರುತ್ತವೆ. ಲಿಪಿಡ್ ಸುದ್ದಿಗೆ ಆ ದಾಸ್ತಾನು ಇಲ್ಲ. ಹೊರಗಿನಿಂದ ಯಾರೋ ಬಾಗಿಲು ತಟ್ಟಿದೊಡನೆ ಕೋಶ ತನ್ನದೇ ಗೋಡೆಯ ಪದರವೊಂದನ್ನು ಕೆರೆದು, ಅದನ್ನೇ ಚೀಟಿ ಮಾಡಿ ಬರೆದು, ಒಳಗೆ ಎಸೆಯುತ್ತದೆ. 1953ರಲ್ಲಿ ಮೇಬಲ್ ಮತ್ತು ಲೋವೆಲ್ ಹೋಕಿನ್ ದಂಪತಿ ಪಾರಿವಾಳದ ಮೇದೋಜೀರಕದ ತುಣುಕುಗಳಿಗೆ ವಿಕಿರಣಶೀಲ ರಂಜಕ ಕೊಟ್ಟು ಕೆಣಕಿದಾಗ ಗೋಡೆಯ ಕೊಬ್ಬು ಇದ್ದಕ್ಕಿದ್ದಂತೆ ಒಡೆದು ಮತ್ತೆ ಕಟ್ಟಿಕೊಳ್ಳತೊಡಗಿದ್ದು ಕಂಡಿತು. ಅದರ ಅರ್ಥ ತಿಳಿಯಲು ಇನ್ನೂ 30 ವರ್ಷ ಹಿಡಿಯಿತು. ಪಿಐಪಿ2 ಎಂಬ, ಪೊರೆಯ ಕೊಬ್ಬಿನಲ್ಲಿ ನೂರಕ್ಕೆ ಒಂದರಷ್ಟೇ ಇರುವ ಲಿಪಿಡನ್ನು ಕಿಣ್ವ ಎರಡಾಗಿ ಸೀಳುತ್ತದೆ. ತಲೆಯ ತುಂಡು ಐಪಿ3, ಕೋಶದೊಳಗೆ ಈಜಿಹೋಗಿ ಕ್ಯಾಲ್ಸಿಯಂ ಉಗ್ರಾಣದ ಬಾಗಿಲು ತೆರೆಯುತ್ತದೆ. ಆ ಕ್ಯಾಲ್ಸಿಯಂ ಏರಿಳಿತವೇ ಕುಡಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಬಾಲದ ತುಂಡು ಗೋಡೆಯಲ್ಲೇ ಉಳಿದು ಬೇರೆ ಕೆಲಸಕ್ಕೆ ಹೊರಡುತ್ತದೆ.

ಈ ಚೀಟಿ ತಪ್ಪಿಹೋದರೆ ಏನಾದೀತು? ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, ಗೈತಿ ಹಸನ್ ಅವರ ತಂಡ ಹಣ್ಣಿನ ನೊಣದಲ್ಲಿ ಇದನ್ನು ಕೇಳಿತು. ಐಪಿ3 ಚೀಟಿ ಓದುವ ಗ್ರಾಹಕದ ಜೀನು ಕೆಟ್ಟ ನೊಣಗಳು ಹಾರಲಾರವು. ನೊಣ ಇನ್ನೂ ಕೋಶಾವಸ್ಥೆಯಲ್ಲಿದ್ದಾಗಲೇ, ಕೆಲವೇ ಬಗೆಯ ನರಕೋಶಗಳಿಗೆ ಸರಿಯಾದ ಜೀನನ್ನು ಹಿಂದಿರುಗಿಸಿದರೆ ಹಾರಾಟ ಮರಳುತ್ತದೆ ಎಂದು 2004ರಲ್ಲಿ ಅವರು ಪ್ರಕಟಿಸಿದರು. ಕೆಟ್ಟದ್ದು ಸುದ್ದಿಯ ದಾರಿ, ಅದೂ ನರಜಾಲ ಹೆಣೆದುಕೊಳ್ಳುವ ವಯಸ್ಸಿನಲ್ಲಿ. ಅದೇ ಎನ್‌ಸಿಬಿಎಸ್‌ನಲ್ಲಿ ರಘು ಪಡಿಂಜತ್ ಅವರ ಪ್ರಯೋಗಾಲಯ ಮನುಷ್ಯರ ಒಂದು ವಿರಳ ಕಾಯಿಲೆಯನ್ನು ಹಿಡಿದುಕೊಂಡಿದೆ: ಲೋವ್ ಸಿಂಡ್ರೋಮ್. ಹುಟ್ಟಿನಿಂದಲೇ ಕಣ್ಣಿಗೆ ಪೊರೆ, ಮೂತ್ರಪಿಂಡದ ತೊಂದರೆ, ಬುದ್ಧಿ ಬೆಳವಣಿಗೆ ಹಿಂದು. ಬಹುಪಾಲು ಗಂಡುಮಕ್ಕಳಿಗೇ ಬರುತ್ತದೆ. ಕಾರಣ ಒಂದೇ ಕಿಣ್ವದ ಕೊರತೆ. ಪಿಐಪಿ2ವನ್ನು ಸಮಯಕ್ಕೆ ಅಳಿಸಬೇಕಾದ ಕಿಣ್ವ. ಅಂದರೆ ಇಲ್ಲಿ ಚೀಟಿ ಬಾರದ ಕಷ್ಟವಲ್ಲ, ಅಳಿಸದೆ ಉಳಿದ ಕಷ್ಟ. ರೋಗಿಗಳ ಕೋಶಗಳಿಂದ ಕಾಂಡಕೋಶ ಮಾಡಿ, ಅವುಗಳಿಂದ ನರಕೋಶ ಬೆಳೆಸಿ, ಮಿದುಳು ಕಟ್ಟುವ ಯಾವ ಹಂತದಲ್ಲಿ ದಾರಿ ತಪ್ಪುತ್ತದೆ ಎಂದು ಅವರು ನೋಡುತ್ತಿದ್ದಾರೆ. ಅಂಥ ಮಗುವಿನ ತಾಯಿತಂದೆಗೆ ಈ ತಟ್ಟೆಗಳೊಳಗಿನ ಕೋಶಗಳ ಬೆಲೆ ಎಷ್ಟೆಂದು ನಾನು ಬೇರೆ ಹೇಳಬೇಕಿಲ್ಲ.

ಇದೇ ಪಿಐಪಿ2ಕ್ಕೆ ಇನ್ನೊಂದು ಫಾಸ್ಫೇಟ್ ಅಂಟಿದರೆ ಪಿಐಪಿ3, ‘ಬೆಳೆ’ ಎನ್ನುವ ಆಜ್ಞೆ. ಅದನ್ನು ಅಳಿಸುವವನು ಪಿಟೆನ್ ಎಂಬ ಕಿಣ್ವ. ಹಾರ್ವರ್ಡ್‌ನ ಝಿಗಾಂಗ್ ಹೆ ತಂಡ 2008ರಲ್ಲಿ ಇಲಿಗಳ ಕಣ್ಣಿನ ನರಕೋಶಗಳಿಂದ ಪಿಟೆನ್ ತೆಗೆದುಹಾಕಿತು. ಸಾಮಾನ್ಯವಾಗಿ ಒಮ್ಮೆ ಜಜ್ಜಿದರೆ ಮತ್ತೆ ಬೆಳೆಯದ ಕಣ್ಣಿನ ನರ ಗಾಯ ದಾಟಿ ಬೆಳೆಯಿತು. ಕೈಯ ನರ ಚಿಗುರುತ್ತದೆ, ಬೆನ್ನುಹುರಿ ಮತ್ತು ಕಣ್ಣಿನ ನರ ಚಿಗುರುವುದಿಲ್ಲ ಎಂಬ ಹಳೆಯ ಕ್ರೌರ್ಯಕ್ಕೆ ಇಲ್ಲೊಂದು ಬಿರುಕು ಕಂಡಿತು. ಹಾಗಾದರೆ ಪಿಟೆನ್ ತಡೆಯುವ ಮಾತ್ರೆಯನ್ನು ನಾಳೆಯೇ ಏಕೆ ಮಾಡಬಾರದು? ಏಕೆಂದರೆ ಪಿಟೆನ್ ದೇಹವನ್ನು ಕ್ಯಾನ್ಸರಿನಿಂದ ಕಾಯುವ ಕಾವಲುಗಾರರಲ್ಲಿಯೂ ಒಬ್ಬ. ಎಲ್ಲ ಕೋಶಗಳಿಗೂ ‘ಬೆಳೆ’ ಎಂದರೆ ಬೆಳೆಯುವುದು ನರ ಮಾತ್ರವಲ್ಲ.

‘ನಿಲ್ಲು’ ಎನ್ನುವ ಲಿಪಿಡ್‌ಗಳ ಕಥೆ ಇನ್ನೂ ಕುತೂಹಲದ್ದು. ತಟ್ಟೆಯಲ್ಲಿ ನೀಳವಾಗಿ ಚಾಚಿಕೊಂಡ ನರಕೋಶಗಳಿಗೆ ರಕ್ತದ ಸೀರಂ ಹಾಕಿದರೆ ಅವು ಕೈಕಾಲು ಎಳೆದುಕೊಂಡು ದುಂಡಗಾಗುತ್ತಿದ್ದವು, ಮುಟ್ಟಿದರೆ ಮುನಿಯಂತೆ. ಸೀರಂನಲ್ಲಿದ್ದ ಆ ವಸ್ತು ಲೈಸೋಫಾಸ್ಫಾಟಿಡಿಕ್ ಆಮ್ಲ, ಎಲ್‌ಪಿಎ ಎಂದು 1990ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ವೌಟರ್ ಮೂಲೆನಾರ್ ಬಳಗ ತೋರಿಸಿತು. ಎರಡು ಬಾಲವಿರಬೇಕಾದ ಕೊಬ್ಬಿಗೆ ಒಂದೇ ಬಾಲ, ಇಷ್ಟೇ ಅದರ ರಚನೆ. ಪೊರೆಯ ಮೇಲಿನ ಗ್ರಾಹಕವನ್ನು ಅದು ಮುಟ್ಟಿದರೆ ಒಳಗೆ ರೋ ಎಂಬ ಪ್ರೋಟೀನು ಎಚ್ಚೆತ್ತು, ಕೋಶದ ಸ್ನಾಯುವಿನಂಥ ಎಳೆಗಳನ್ನು ಬಿಗಿಯುತ್ತದೆ. ನಿಮಿಷಗಳಲ್ಲಿ ಕುಡಿ ಕುಸಿಯುತ್ತದೆ. ಆ ಗ್ರಾಹಕವನ್ನು 1996ರಲ್ಲಿ ಜೆರಾಲ್ಡ್ ಚುನ್ ತಂಡ ಪತ್ತೆಹಚ್ಚಿದ್ದು ಎಳೆಯ ಮಿದುಳಿನಲ್ಲಿ, ನರಕೋಶಗಳು ಹುಟ್ಟುವ ಪದರದಲ್ಲಿ. ನಿಲ್ಲಿಸುವ ಅಣುವಿಗೆ ತೊಟ್ಟಿಲಿನಲ್ಲೇನು ಕೆಲಸ? 2003ರಲ್ಲಿ ಅದೇ ತಂಡ ಇಲಿ ಭ್ರೂಣದ ಮಿದುಳನ್ನು ತಟ್ಟೆಯಲ್ಲಿಟ್ಟು ಎಲ್‌ಪಿಎ ಕೊಟ್ಟಿತು. ಇಲಿಯ ಮಿದುಳು ಸ್ವಭಾವತಃ ನುಣುಪು; ಎಲ್‌ಪಿಎ ಕುಡಿದ ಮಿದುಳು ನಮ್ಮದರಂತೆ ಮಡಿಕೆ ಮಡಿಕೆಯಾಯಿತು.

ಅಲ್ಲಿಗೆ ನಿಲ್ಲಲಿಲ್ಲ. ರಕ್ತದಲ್ಲಿ ಎಲ್‌ಪಿಎ ಇರುತ್ತದೆ ಎಂದೆವಲ್ಲ. ಅವಧಿಗೆ ಮೊದಲು ಹುಟ್ಟಿದ ಕೂಸುಗಳ ಮಿದುಳಿನಲ್ಲಿ ರಕ್ತಸ್ರಾವವಾಗುವುದುಂಟು, ಆಮೇಲೆ ನೀರು ತುಂಬಿ ತಲೆ ದೊಡ್ಡದಾಗುವುದುಂಟು. ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿಕೊಂಡದ್ದರಿಂದಲೇ ಹೀಗೆ ಎಂದು ಎಲ್ಲರೂ ನಂಬಿದ್ದರು. 2011ರಲ್ಲಿ ಚುನ್ ತಂಡ, ಎಳೆ ಮಿದುಳಿಗೆ ಎಲ್‌ಪಿಎ ಮಾತ್ರ ಸೇರಿದರೂ ಇಲಿಗಳಲ್ಲಿ ಜಲಶಿರ ಬರುತ್ತದೆ, ಗ್ರಾಹಕವನ್ನು ತಡೆದರೆ ಬಹುಮಟ್ಟಿಗೆ ತಪ್ಪುತ್ತದೆ ಎಂದು ತೋರಿಸಿತು. ಒಂದೇ ಅಣು, ಒಂದೇ ಗ್ರಾಹಕ. ಸರಿಯಾದ ಹೊತ್ತಿಗೆ ಸರಿಯಾದ ಪದರದಲ್ಲಿ ಹನಿಯಷ್ಟಿದ್ದರೆ ಮಿದುಳು ಬೆಳೆಯುತ್ತದೆ, ರಕ್ತದೊಂದಿಗೆ ಪ್ರವಾಹವಾಗಿ ಬಂದರೆ ಕೊಚ್ಚಿಹೋಗುತ್ತದೆ.

ಪಿಐಪಿ2ದ ಬಾಲದ ತುಂಡು ಹೊರಟುಹೋಯಿತಲ್ಲ, ಅದೆಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ನಮ್ಮ ನೆಲದ ವಾಸನೆಯ ಉತ್ತರವಿದೆ. 1992ರಲ್ಲಿ ಜೆರುಸಲೇಮಿನ ರಫಾಯೆಲ್ ಮೆಷೂಲಮ್ ಬಳಗ, ಭಂಗಿಯ ಅಮಲು ಮಿದುಳಿನಲ್ಲಿ ಹಿಡಿಯುವ ಗ್ರಾಹಕಕ್ಕೆ ದೇಹದ್ದೇ ಆದ ಅಣು ಯಾವುದೆಂದು ಹುಡುಕಿ, ಹಂದಿಯ ಮಿದುಳಿನಿಂದ ಒಂದು ಕೊಬ್ಬನ್ನು ತೆಗೆಯಿತು. ಅದಕ್ಕೆ ಸಂಸ್ಕೃತದ ‘ಆನಂದ’ದಿಂದ ಅನಂಡಮೈಡ್ ಎಂಬ ಹೆಸರಿಟ್ಟರು. ಅದರ ಬಳಗದ 2-ಎಜಿ ಎಂಬ ಇನ್ನೊಂದು ಅಣು ತಯಾರಾಗುವುದು ಆ ಬಾಲದ ತುಂಡಿನಿಂದಲೇ. ಇವು ಬರೀ ಅಮಲಿನ ಅಣುಗಳಲ್ಲ. ಗರ್ಭದಲ್ಲಿ ಮಿದುಳು ಕಟ್ಟುವಾಗ ನರದ ಕುಡಿಯ ಮೇಲೆ ಈ ಗ್ರಾಹಕ ಇರುತ್ತದೆ. ಕುಡಿ ತನ್ನದೇ 2-ಎಜಿ ಮಾಡಿಕೊಂಡು ಮುನ್ನಡೆಯುತ್ತದೆ; ಹೊರಗಿನಿಂದ ಬಂದ ಅದೇ ಸಂಕೇತಕ್ಕೆ ಬೆದರಿ ತಿರುಗುವುದೂ ಉಂಟೆಂದು 2007ರಲ್ಲಿ ಟಿಬೋರ್ ಹಾರ್ಕಾನಿ ತಂಡ ಕಂಡಿತು. ಬಸುರಿ ಹೆಂಗಸು ಹೋಳಿಗೆ ಬಂತೆಂದು ಒಂದು ಲೋಟ ಭಂಗಿ ಕುಡಿದರೇನಾಯಿತು ಎನ್ನುವವರಿಗೆ ಇದನ್ನು ಕೈಹಿಡಿದು ಕೂರಿಸಿ ಹೇಳಬೇಕು ಅನ್ನಿಸುತ್ತದೆ. ಅಲ್ಲಿ ಒಂದೊಂದು ಕುಡಿಯೂ ಪಿಸುಮಾತು ಕೇಳಿ ದಾರಿ ಹಿಡಿಯುತ್ತಿರುತ್ತದೆ. ಭಂಗಿ ಅಲ್ಲಿ ಹೋಗಿ ಧ್ವನಿವರ್ಧಕ ಹಚ್ಚುತ್ತದೆ.

ಬಾಲಾನಗರದಿಂದ ಊರು ದಾಟಿ ಪೂರ್ವಕ್ಕೆ ಹೋದರೆ ಉಪ್ಪಲ್ ರಸ್ತೆಯಲ್ಲಿ ಸಿಸಿಎಂಬಿ ಸಿಗುತ್ತದೆ, ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ. ಅಲ್ಲಿ ಅಮಿತಾಭ ಚಟ್ಟೋಪಾಧ್ಯಾಯ ದಶಕಗಳ ಕಾಲ ಕೇಳಿದ ಪ್ರಶ್ನೆ ಸರಳ: ಪೊರೆಯಲ್ಲಿ ನೆಟ್ಟ ಗ್ರಾಹಕಕ್ಕೆ ಸುತ್ತಲಿನ ಕೊಬ್ಬು ಬರೀ ನೆಲವೋ, ಅಥವಾ ಜೊತೆಗಾರನೋ? ದನದ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಿಂದ ಸೆರೊಟೋನಿನ್ ಎಂಬ ನರಸಂದೇಶಕದ ಗ್ರಾಹಕವಿರುವ ಪೊರೆ ತೆಗೆದು, ಅದರ ಕೊಲೆಸ್ಟೆರಾಲ್ ಹೀರಿಬಿಟ್ಟರೆ ಗ್ರಾಹಕ ಮಂಕಾಗುತ್ತದೆ. ಕೊಲೆಸ್ಟೆರಾಲ್ ಹಿಂದಿರುಗಿಸಿದರೆ ಚೇತರಿಸುತ್ತದೆ. ಮುಂದೆ 2008ರಲ್ಲಿ ಸ್ಮಿತ್-ಲೆಮ್ಲಿ-ಓಪಿಟ್ಜ್ ಎಂಬ ಜನ್ಮಜಾತ ಕಾಯಿಲೆಯ ಮಾದರಿ ಕೋಶಗಳಲ್ಲಿ ನೋಡಿದರು. ಅಲ್ಲಿ ಕೊಲೆಸ್ಟೆರಾಲ್ ತಯಾರಿಕೆಯ ಕೊನೆಯ ಮೆಟ್ಟಿಲೊಂದೇ ತಪ್ಪಿರುತ್ತದೆ; ಉಳಿಯುವ ಅಣುವಿಗೂ ಕೊಲೆಸ್ಟೆರಾಲ್‌ಗೂ ಒಂದು ದ್ವಿಬಂಧದ ವ್ಯತ್ಯಾಸ. ಆ ಒಂದು ಬಂಧಕ್ಕೆ ಸೆರೊಟೋನಿನ್ ಸುದ್ದಿ ಕುಗ್ಗಿತು. ಒಂದು ಮಿಲಿಮೀಟರಿಗೆ ಪೀಸ್ ರಿಜೆಕ್ಟ್ ಎಂದ ಹುಡುಗನಿಗೆ ಇದನ್ನು ಹೇಳಿದಾಗ ಅವನು ತಕ್ಷಣ ಒಪ್ಪಿದ.

ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮಿದುಳು, ದೇಹದ ಕೊಲೆಸ್ಟೆರಾಲ್‌ನಲ್ಲಿ ಶೇ 20ರಿಂದ 25ರಷ್ಟನ್ನು ಇಟ್ಟುಕೊಂಡಿದೆ. ತಿಂದ ತುಪ್ಪದಿಂದ ಅದು ಬರುವುದಿಲ್ಲ, ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ.

ಡಿಎಚ್‌ಎ ಕಥೆ ಬೇರೆ. ಅದನ್ನು ದೇಹ ಮೊದಲಿನಿಂದ ಕಟ್ಟಲಾರದು, ಊಟದಿಂದ ಬರಬೇಕು. ಗರ್ಭದ ಕೊನೆಯ ತಿಂಗಳುಗಳಲ್ಲಿ, ಹುಟ್ಟಿದ ಮೊದಲ ಎರಡು ವರ್ಷಗಳಲ್ಲಿ ಮಿದುಳು ಅದನ್ನು ಎಳೆದೆಳೆದು ತುಂಬಿಕೊಳ್ಳುತ್ತದೆ. ಅದರಿಂದ ಮಿದುಳಿನಲ್ಲೇ ತಯಾರಾಗುವ ಸಿನಾಪ್ಟಮೈಡ್ ಎಂಬ ಅಣು ನರಕೋಶಕ್ಕೆ ಕವಲೊಡೆಯಲು ಹೇಳುತ್ತದೆ. ಅದರ ಗ್ರಾಹಕ 2016ರಲ್ಲಿ ಸಿಕ್ಕಿತು. ಮಂಗಳೂರು ಕಡೆಯವರಿಗೆ ಬೂತಾಯಿ, ಬಂಗುಡೆಯಲ್ಲಿ ಡಿಎಚ್‌ಎ ನೇರವಾಗಿ ಸಿಗುತ್ತದೆ. ನಮ್ಮ ಬೀದರ್, ಕಲಬುರಗಿ ಕಡೆ ಕುಸುಬೆ ಎಣ್ಣೆ. ಅದು ಒಮೆಗಾ-6ರ ಖಜಾನೆ, ಒಮೆಗಾ-3 ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದೂ ರೊಟ್ಟಿಯ ಪಕ್ಕ ಅಗಸಿ ಹಿಂಡಿ ಇರುತ್ತಿತ್ತು. ಅಗಸೆ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3ರ ಮೂಲರೂಪವೇ. ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಡಿಎಚ್‌ಎ ಮಾಡಿಕೊಳ್ಳುತ್ತದೆ ಎಂಬುದನ್ನೂ ಹೇಳಬೇಕು.

ಹಾಗಾದರೆ ಬಸುರಿಯರಿಗೆ ಡಿಎಚ್‌ಎ ಗುಳಿಗೆ ಕೊಟ್ಟರೆ ಮಕ್ಕಳು ಚುರುಕಾಗುತ್ತಾರೆಯೇ? ಜಾಹೀರಾತುಗಳು ಹೌದೆನ್ನುತ್ತವೆ. ಬೆಳಗಾವಿಯಲ್ಲಿ ಇದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿದರು. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ನೆರವಿನೊಂದಿಗೆ ಶ್ವೇತಾ ಖಂಡೇಲ್‌ವಾಲ್ ಮುಂದಾಳತ್ವದಲ್ಲಿ ನಡೆದ ‘ಧನಿ’ ಪ್ರಯೋಗದಲ್ಲಿ 957 ಗರ್ಭಿಣಿಯರಿದ್ದರು. ಅರ್ಧದಷ್ಟು ಮಂದಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ದಿನಕ್ಕೆ 400 ಮಿಲಿಗ್ರಾಂ, ಉಳಿದವರಿಗೆ ಹುಸಿ ಗುಳಿಗೆ, ಹೆರಿಗೆಯಾಗಿ ಆರು ತಿಂಗಳವರೆಗೆ. ಮಕ್ಕಳಿಗೆ 12 ತಿಂಗಳಾದಾಗ ಬೆಳವಣಿಗೆ ಅಳೆದರು. ಎರಡು ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದನ್ನು ನಾನು ಸೋಲೆನ್ನುವುದಿಲ್ಲ. ತಟ್ಟೆಯಲ್ಲಿನ ನರಕೋಶ ಡಿಎಚ್‌ಎಗೆ ಕವಲೊಡೆದದ್ದೂ ನಿಜ, ಬೆಳಗಾವಿಯ ಮಕ್ಕಳಲ್ಲಿ ವ್ಯತ್ಯಾಸ ಕಾಣದಿದ್ದದ್ದೂ ನಿಜ. ಗುಳಿಗೆಯಲ್ಲಿ ಇರುವುದು ಕಾಗದ ಮಾತ್ರ. ಅದನ್ನು ಯಾವಾಗ ಹರಿದು, ಏನು ಬರೆದು, ಯಾರಿಗೆ ಕೊಡಬೇಕೆಂಬುದು ಕೋಶದ ಕೈಯಲ್ಲಿದೆ. ಸಾವಿರದ ಹತ್ತಿರ ತಾಯಂದಿರು ಎಷ್ಟೋ ತಿಂಗಳು ದಿನಾ ಗುಳಿಗೆ ನುಂಗಿ ಕೊಟ್ಟ ಆ ಉತ್ತರವನ್ನು, ಔಷಧದ ಅಂಗಡಿಯಲ್ಲಿ ದುಬಾರಿ ಡಬ್ಬಿ ಕೊಳ್ಳುವ ಮುನ್ನ ನೆನೆಯಬೇಕು.

ಮೊನ್ನೆ ಬಾಲಾನಗರದಲ್ಲಿ ಅವನನ್ನು ಮತ್ತೆ ಕಂಡೆ. ವೈದ್ಯರ ಬಳಿ ಜೊತೆಗೆ ಹೋಗಿದ್ದೆ. ಅವರು ಯಂತ್ರವೇನೂ ತೆಗೆಯಲಿಲ್ಲ. ತಮ್ಮ ಬೆರಳ ತುದಿಯಿಂದ ಅವನ ಅಂಗೈಯನ್ನು ಮಣಿಕಟ್ಟಿನಿಂದ ಮೇಲಕ್ಕೆ ಮೆಲ್ಲಗೆ ತಟ್ಟುತ್ತಾ ಬಂದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಿ 1915ರಲ್ಲಿ ಫ್ರಾನ್ಸಿನ ಜೂಲ್ ಟಿನೆಲ್ ಬರೆದಿಟ್ಟ ಪರೀಕ್ಷೆ ಅದು. ಚಿಗುರುವ ತುದಿಯ ಮೇಲೆ ತಟ್ಟಿದರೆ ಜುಮ್ಮೆನ್ನುತ್ತದೆ, ಆ ಜುಮ್ಮು ಬೆರಳೊಳಗೆ ಕೇಳಿಸುತ್ತದೆ. ನಡುಬೆರಳಿನ ಬುಡ ದಾಟಿದ ಮೇಲೆ ಅವನು ಭುಜ ಹಾರಿಸಿ, “ಇಲ್ಲಿ, ಇಲ್ಲಿ” ಅಂದ. ವೈದ್ಯರು ಅಲ್ಲಿ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಹೊರಗೆ ಬಂದವನೇ ಅಂಗಿಯ ಜೇಬಿನಿಂದ ವರ್ನಿಯರ್ ತೆಗೆದು, ಹೋದ ಸಲ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದ ಚುಕ್ಕೆಯ ಜಾಗ ನೋಡಿ, ಎರಡರ ನಡುವೆ ಅಳೆದ.

“ತಿಂಗಳಿಗೆ ಮೂವತ್ತೊಂದು ಮಿಲಿಮೀಟರ್, ಅಣ್ಣಾ,” ಅಂದ. “ಬೆರಳ ತುದಿಗೆ ಇನ್ನೂ ಎಪ್ಪತ್ತು ಅದ.”